ಯಾರೂ ನೋಡದ ಎರಡು ಚಂದ್ರರು

"ಫೋಟೋ ಕೊಡಿ ಮೇಡಂ, ನೋಡ್ಕೊಂಡು ಹಾಗೇ ಗೋಡೆಗೆ ಇಳಿಸ್ತೀನಿ" ಎಂದ ಪೇಂಟರ್.

"ಫೋಟೋ ಇಲ್ಲ" ಎಂದರು ಮೇಡಂ.

"ಸರಿ, ನೋಡಿದವರು ಯಾರಾದ್ರೂ ಇದ್ದರೆ ಕರೀರಿ. ಅವರು ಹೇಳ್ತಾ ಹೋಗ್ಲಿ, ನಾನು ಬರೀತಾ ಹೋಗ್ತೀನಿ."

"ಯಾರೂ ನೋಡಿಲ್ಲ."

ಪೇಂಟರ್ ಹೆಗಲ ಮೇಲಿದ್ದ ಏಣಿಯನ್ನು ಕೆಳಗಿಳಿಸಿ ಅವರ ಮುಖವನ್ನೇ ನೋಡಿದ. ಅರ್ಧ ಆಯುಸ್ಸು ಸಿನಿಮಾ ಬ್ಯಾನರ್ ಬರೆದು ಕಳೆದವನು ಅವನು. ನಾಯಕನ ಮೂಗು ಕೂದಲೆಳೆಯಷ್ಟು ಓರೆಯಾದರೂ ಅಭಿಮಾನಿಗಳು ಬಂದು ಕಾಲರ್ ಹಿಡಿಯುತ್ತಿದ್ದ ಕಾಲವನ್ನು ಕಂಡವನು. ಯಾರೂ ನೋಡದೇ ಇರುವುದನ್ನು ಬರೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅದೂ ಇಷ್ಟು ಓದಿಕೊಂಡವರು, ಖಗೋಳ ಸಂಶೋಧನೆಯ ಸಂಸ್ಥೆಯೊಳಗೆ ನಿಂತು, ಹಗಲುಹೊತ್ತಿನಲ್ಲಿ ಹೀಗೆ ಹೇಳಿದರೆ ಯಾರಿಗೆ ತಲೆ ಕೆಡುವುದಿಲ್ಲ ಹೇಳಿ!

ಮೇಡಂ ಸಣ್ಣ ಆಳು. ದಪ್ಪ ಕನ್ನಡಕ, ಸದಾ ಅವಸರ. ಬೇರೆ ನಕ್ಷತ್ರಗಳ ಸುತ್ತ ತಿರುಗುವ ಗ್ರಹಗಳನ್ನು ಹುಡುಕುವುದು ಅವರ ಕಸುಬು. ಅವರ ತಂಡ ಹೊಸದೊಂದನ್ನು ಕಂಡುಹಿಡಿದಿತ್ತು. ಸಂಸ್ಥೆಗೆ ಬರುವ ಜನಸಾಮಾನ್ಯರು ಮೊದಲು ಕಾಲಿಡುವ ದೊಡ್ಡ ಹಜಾರದ ಗೋಡೆಯ ಮೇಲೆ ಅದರ ಚಿತ್ರ ಬೇಕಾಗಿತ್ತು. ಅವರು ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದರು. ಅಡ್ಡಲಾಗಿ ಒಂದು ಗೆರೆ, ಗೆರೆಯ ನಡುವೆ ಸಣ್ಣದೊಂದು ತಗ್ಗು. ಬೇರೇನೂ ಇರಲಿಲ್ಲ.

"ಇದೇ ಗ್ರಹ" ಎಂದರು.

"ಇದಾ?"

"ಇದು ಒಂದು ನಕ್ಷತ್ರದ ಬೆಳಕು ಕಣ್ರೀ. ಎಷ್ಟು ದೊಡ್ಡ ದೂರದರ್ಶಕ ಇಟ್ಟು ನೋಡಿದ್ರೂ ಆ ನಕ್ಷತ್ರ ನಮಗೆ ಬರೀ ಒಂದು ಚುಕ್ಕಿ. ಇಲ್ಲಿ ನೋಡಿ, ಬೆಳಕು ಒಂಚೂರು ಕಮ್ಮಿ ಆಯ್ತು. ನೂರರಲ್ಲಿ ಒಂದು ಪಾಲೂ ಇಲ್ಲ. ಆಮೇಲೆ ಸರಿಹೋಯ್ತು. ಕೆಲವು ವಾರ ಬಿಟ್ಟು ಮತ್ತೆ ಅಷ್ಟೇ ಕಮ್ಮಿ. ಅಷ್ಟೇ ವಾರ ಬಿಟ್ಟು ಇನ್ನೊಂದ್ಸಲ. ಅಂದ್ರೆ ಏನೋ ಒಂದು ಅದರ ಮುಂದೆ ಹಾದು ಹೋಗ್ತಾ ಇದೆ."

"ದೀಪದ ಮುಂದೆ ಸೊಳ್ಳೆ ಹಾರಿದ ಹಾಗೆ."

"ಹಾಗೇ. ಬೆಳಕು ಎಷ್ಟು ಕಮ್ಮಿ ಆಯ್ತು ಅನ್ನೋದ್ರಿಂದ ಸೊಳ್ಳೆ ಎಷ್ಟು ದಪ್ಪ ಅಂತ ಗೊತ್ತಾಗುತ್ತೆ. ಎಷ್ಟು ದಿನಕ್ಕೊಂದ್ಸಲ ಬರುತ್ತೆ ಅನ್ನೋದ್ರಿಂದ, ದೀಪದಿಂದ ಎಷ್ಟು ದೂರ ಇದೆ ಅಂತ. ದೂರ ಗೊತ್ತಾದ್ರೆ ಅಲ್ಲಿ ಶಾಖ ಎಷ್ಟಿರಬಹುದು ಅಂತ. ಅಲ್ಲಿ ನೀರಿದ್ದರೆ, ಅದು ಮಂಜುಗಡ್ಡೆನೂ ಆಗದೆ ಆವಿನೂ ಆಗದೆ ಹರೀಬಹುದಾದಷ್ಟು ಶಾಖ."

"ನೀರಿದೆಯಾ ಮೇಡಂ?"

"ಇದ್ದರೆ ಅಂದೆ."

ಪೇಂಟರ್‌ಗೆ ಆ ಕ್ಷಣ ಮೈ ಜುಮ್ಮೆಂದಿತು. ಇಷ್ಟು ಸಣ್ಣ ತಗ್ಗಿನಿಂದ ಒಂದು ಲೋಕವನ್ನೇ ಹೊರಗೆ ಎಳೆಯುತ್ತಾರಲ್ಲ ಇವರು! ಆದರೆ ಗೋಡೆ ಈ ಕೊನೆಯಿಂದ ಆ ಕೊನೆಯವರೆಗೆ ಬೋಳಾಗಿ ನಿಂತಿತ್ತು. ಗೆರೆಯೊಂದನ್ನು ಎಳೆದು ಸಂಬಳ ಕೇಳುವುದು ಹೇಗೆ?

ಬ್ಯಾನರ್ ಬರೆಯುವವರಲ್ಲಿ ಒಂದು ಪದ್ಧತಿಯಿತ್ತು. ಮೂಲೆ ಖಾಲಿ ಬಿಡುವ ಹಾಗಿರಲಿಲ್ಲ. ಟಿಕೆಟ್ ಕೊಳ್ಳುವವನು ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡುತ್ತಾನೆ, ಖಾಲಿ ಕಂಡರೆ ಚಿತ್ರದಲ್ಲೂ ಸರಕಿಲ್ಲ ಎಂದುಕೊಳ್ಳುತ್ತಾನೆ ಎಂಬುದು ಕೆಲಸ ಕಲಿಸಿದ ಯಜಮಾನನ ನಂಬಿಕೆ. ನಾಯಕನ ಭುಜದ ಪಕ್ಕ ಜಾಗ ಉಳಿದರೆ ಕುದುರೆ ಹಾಕು, ನಾಯಕಿಯ ಹಿಂದೆ ಉಳಿದರೆ ಜಲಪಾತ ಹಾಕು. ಸಿನಿಮಾದಲ್ಲಿ ಕುದುರೆಯೇ ಇಲ್ಲವಲ್ಲ ಎಂದು ಯಾರಾದರೂ ಹುಡುಗ ಕೇಳಿದರೆ ಬ್ರಷ್ಷಿನ ಹಿಡಿಯಿಂದ ತಲೆಗೆ ಟಪ್ಪನೆ ಒಂದು ಬೀಳುತ್ತಿತ್ತು. ಹಾಗೆ ಪೆಟ್ಟು ತಿಂದು ಕಲಿತದ್ದು ಕೈಯಿಂದ ಹೋಗುತ್ತದೆಯೇ? ಮುಂದೆ ಯಂತ್ರಗಳು ಬಂದು ಬ್ಯಾನರನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಲು ತೊಡಗಿದವು, ಯಜಮಾನನ ಅಂಗಡಿ ಮುಚ್ಚಿತು, ಪೇಂಟರ್ ಬಾಗಿಲಿಗೆ, ಕಿಟಕಿಗೆ, ನೀರಿನ ಟ್ಯಾಂಕಿಗೆ ಬಣ್ಣ ಹೊಡೆದು ಮನೆ ನಡೆಸಿದ. ಈ ಸಂಸ್ಥೆಗೂ ಬಂದದ್ದು ಸುಣ್ಣ ಹೊಡೆಯಲಿಕ್ಕೇ. ಊಟದ ಹೊತ್ತಿನಲ್ಲಿ ಅವನು ಒಂದು ರಟ್ಟಿನ ಮೇಲೆ ಕಾವಲುಗಾರನ ಮುಖ ಬರೆದದ್ದನ್ನು ಮೇಡಂ ನೋಡಿ ಮರುದಿನ ಕರೆಸಿದ್ದರು.

ಗೋಡೆಯ ಬಿರುಕುಗಳಿಗೆ ಪಟ್ಟಿ ಮೆತ್ತಿ, ಉಜ್ಜಿ, ಪ್ರೈಮರ್ ಹೊಡೆದು, ಅಳತೆಗೆ ಚೌಕ ಎಳೆದು, ಒಂದು ಕೊನೆಗೆ ಕೆಂಪಗಿನ ನಕ್ಷತ್ರ ಬರೆದ. ನಡುವೆ ಗ್ರಹ. ನೀರು ಇದ್ದರೆ ಎಂದಿದ್ದರಲ್ಲ, ಅದಕ್ಕೆ ನೀಲಿ. ನೀಲಿಯ ಮೇಲೆ ಸ್ಪಂಜಿನಿಂದ ಒತ್ತಿ ಒತ್ತಿ ಮೋಡ. ಏಣಿಯಿಂದಿಳಿದು ಹಜಾರದ ಬಾಗಿಲವರೆಗೆ ಹಿಂದೆ ಹಿಂದೆ ನಡೆದು ನೋಡಿದ. ಎಡಗಡೆ ಭಣ ಭಣ ಎನ್ನುತ್ತಿತ್ತು. ಸ್ವಲ್ಪವೂ ಯೋಚಿಸದೆ ಏಣಿ ಹತ್ತಿ ಎರಡು ಚಂದ್ರರನ್ನು ಹಾಕಿದ, ಒಂದು ದೊಡ್ಡದು, ಒಂದು ಚಿಕ್ಕದು. ಈಗ ಗೋಡೆ ತುಂಬಿತು. ಅವನಿಗೂ ಸಮಾಧಾನವಾಯಿತು.

ಮೇಡಂ ಬಂದು ಬಹಳ ಹೊತ್ತು ನಿಂತು ನೋಡಿದರು. ಎಡಗಡೆ ನೋಡಿದರು, ಏನೋ ಹೇಳಲು ಬಾಯಿ ತೆರೆದರು, ಆಮೇಲೆ "ಚೆನ್ನಾಗಿದೆ" ಎಂದಷ್ಟೇ ಹೇಳಿ ಹೋದರು. ಚಿತ್ರದ ಕೆಳಗೆ 'ಕಲಾವಿದರ ಕಲ್ಪನೆ' ಎಂದು ಸಣ್ಣ ಅಕ್ಷರದಲ್ಲಿ ಬರೆಸಿದ್ದರು. ಒಂದು ವಾರ ಕಳೆಯುವುದರೊಳಗೆ ಯಾರೋ ಅದಕ್ಕೆ ಅಡ್ಡವಾಗಿ ಸೋಫಾ ತಂದಿಟ್ಟರು. ಅತಿಥಿಗಳು ಕೂರಬೇಡವೇ ಪಾಪ!

ಆಮೇಲೆ ನಡೆದದ್ದನ್ನು ಪೇಂಟರ್ ಕನಸಿನಲ್ಲೂ ಎಣಿಸಿರಲಿಲ್ಲ. ಪತ್ರಿಕೆಯವರು ಬಂದು ಗೋಡೆಯ ಫೋಟೋ ತೆಗೆದರು. ಮರುದಿನ ಕ್ಷೌರದಂಗಡಿಯಲ್ಲಿ ಕತ್ತು ಬಗ್ಗಿಸಿ ಕೂತಿದ್ದವನು ತಲೆಯೆತ್ತಿದರೆ ಎದುರಿನ ಕನ್ನಡಿಯ ಪಕ್ಕ ಅದೇ ಚಿತ್ರ ಅಂಟಿಸಿತ್ತು. ಮೇಲೆ ದಪ್ಪಕ್ಷರ: 'ಎರಡು ಚಂದ್ರರ ನೀಲಿ ಲೋಕ ಪತ್ತೆ!' ಕಲ್ಪನೆ ಎಂಬ ಮಾತು ಎಲ್ಲೂ ಇರಲಿಲ್ಲ. ಇದ್ದರೆ ಎಂಬುದು ಇದೆ ಎಂದಾಗಿತ್ತು.

"ನೋಡಿದ್ರಾ ಅಣ್ಣ" ಎಂದ ಕ್ಷೌರಿಕ, ಕತ್ತರಿಯಿಂದಲೇ ತೋರಿಸುತ್ತ. "ಎಂಥಾ ಕ್ಯಾಮೆರಾ ಇಟ್ಟಿದ್ದಾರೆ ಅಂತೀನಿ! ಮೋಡ ಕೂಡ ಕಾಣಿಸ್ತಿದೆ."

ಪೇಂಟರ್‌ನ ಎದೆ ಒಂದು ಸಲ ಧಸಕ್ಕೆಂದಿತು, ಒಂದು ಸಲ ಉಬ್ಬಿತು. ಮನೆಗೆ ಹೋಗಿ ಹೆಂಡತಿಯ ಮುಂದೆ, ಮಗಳ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಮಗಳು ಎಂಟನೇ ತರಗತಿ. ಸಿಕ್ಕಿದ್ದಕ್ಕೆಲ್ಲ ಪ್ರಶ್ನೆ ಹಾಕುವುದರಿಂದ ಮನೆಯಲ್ಲಿ ಅವಳಿಗೆ ವಕೀಲಮ್ಮ ಎಂದೇ ಹೆಸರು.

"ಎರಡೇ ಯಾಕಪ್ಪ ಹಾಕಿದೆ?" ಎಂದಳು ವಕೀಲಮ್ಮ.

"ಎಡಗಡೆ ಖಾಲಿ ಹೊಡೀತಿತ್ತು ಕಣೇ. ಒಂದು ಹಾಕ್ದೆ, ಸಾಲ್ಲಿಲ್ಲ, ಇನ್ನೊಂದು ಹಾಕ್ದೆ."

"ಮೂರನೇದು ಹಾಕಿದ್ದಿದ್ರೆ ಪೇಪರ್‌ನೋರು ಮೂರು ಅಂತಿದ್ರಾ?"

"ಹೂಂ ಮತ್ತೆ!"

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುವಂಥದ್ದೇ ಆಗಿತ್ತು ಬಿಡಿ. ಆಗ ಅದು ಮನೆಯೊಳಗಿನ ತಮಾಷೆ.

ಹೊರಗೆ ಅದು ಬೆಳೆಯುತ್ತಲೇ ಹೋಯಿತು. ಜನ ಸಂಸ್ಥೆಯ ಹಜಾರಕ್ಕೆ ಗುಂಪು ಗುಂಪಾಗಿ ಬಂದು ಚಂದ್ರರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಬಿಸ್ಕತ್ತಿನ ಡಬ್ಬಿಯ ಮೇಲೆ, ಶಾಲೆಯ ಚೀಲದ ಮೇಲೆ ಆ ನೀಲಿ ಬಂತು. ಸಂಸ್ಥೆಯ ನಿರ್ದೇಶಕರು ಪೇಂಟರ್‌ನ ಬೆನ್ನು ತಟ್ಟಿ, ಅವನಿಗೆಂದೇ ಒಂದು ಬಣ್ಣದ ಕೋಣೆ ಕೊಟ್ಟರು. ಪ್ರತಿ ಸಂಶೋಧನೆಗೂ ಒಂದು ಚಿತ್ರ ಬರೆಯಬೇಕು. ಸದ್ಯಕ್ಕೆ ವರ್ಷದ ಮಟ್ಟಿಗೆ ಕೆಲಸ, ಮುಂದೆ ಕಾಯಂ ಮಾಡೋಣ ಎಂದರು. ಕಾಯಂ! ಟ್ಯಾಂಕಿಗೆ ಬಣ್ಣ ಹೊಡೆಯುತ್ತಿದ್ದವನ ಕಿವಿಗೆ ಆ ಮಾತು ಬಿದ್ದರೆ ಹೇಗಾಗಬೇಡ? ಆ ದಿನ ಅವನು ಬಸ್ಸಿನಲ್ಲಿ ತನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದ.

ಆ ಹೊತ್ತಿಗೆ ಮಗಳ ಶಾಲೆಯಲ್ಲಿ ವಿಜ್ಞಾನದ ರಸಪ್ರಶ್ನೆ ಸ್ಪರ್ಧೆ ಬಂತು. ಮುಖ್ಯ ಅತಿಥಿ ಸಂಸ್ಥೆಯ ನಿರ್ದೇಶಕರೇ. ಪೇಂಟರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತ. ಮಗಳ ತಂಡವೇ ಮುಂದಿತ್ತು. ಕೊನೆಯ ಪ್ರಶ್ನೆಗೆ ವಿಜ್ಞಾನದ ಮೇಷ್ಟ್ರು ಕೈಯಲ್ಲಿದ್ದ ಸಾಮಾನ್ಯಜ್ಞಾನದ ಪುಸ್ತಿಕೆ ನೋಡಿ ಕೇಳಿದರು:

"ಇತ್ತೀಚೆಗೆ ಪತ್ತೆಯಾದ, ಬಹಳ ಹೆಸರು ಮಾಡಿದ ನೀಲಿ ಗ್ರಹಕ್ಕೆ ಎಷ್ಟು ಚಂದ್ರರು?"

ಪೇಂಟರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಅಲ್ಲಾ, ಇದು ಪ್ರಶ್ನೆಯೂ ಆಗಿಬಿಟ್ಟಿತೇ!

ವಕೀಲಮ್ಮ ಗಂಟೆ ಒತ್ತಿದಳು. "ಗೊತ್ತಿಲ್ಲ ಸರ್."

"ಗೊತ್ತಿಲ್ದೆ ಇದ್ದರೆ ಗಂಟೆ ಯಾಕೆ ಒತ್ತಿದ್ಯಮ್ಮ?"

"ಯಾರಿಗೂ ಗೊತ್ತಿಲ್ಲ, ಅದೇ ಉತ್ತರ ಸರ್. ಚಿತ್ರದಲ್ಲಿರೋ ಎರಡು ನಮ್ಮಪ್ಪ ಹಾಕಿದ್ದು. ಜಾಗ ಖಾಲಿ ಇತ್ತು ಅಂತ."

ಸಭೆಯೆಲ್ಲ ಗೊಳ್ಳೆಂದಿತು. ಮೇಷ್ಟ್ರು ಕೆಟ್ಟವರಲ್ಲ, ಆದರೆ ಸಭೆ ನಕ್ಕರೆ ಇನ್ನಷ್ಟು ನಗಿಸಬೇಕೆನ್ನುವ ಚಪಲ ಅವರಿಗಿತ್ತು. "ಓಹೋ, ಚಂದ್ರನ್ನ ನಿಮ್ಮಪ್ಪ ಹಾಕಿದ್ರಾ? ಸೂರ್ಯನ್ನ ಯಾರು, ನಿಮ್ಮ ತಾತ ಹಾಕಿದ್ರಾ?" ಎಂದರು. ನಗು ತಾರಸಿಗೆ ಮುಟ್ಟಿತು. ಅಷ್ಟರಲ್ಲಿ ಅವರ ಕಣ್ಣು ಹಿಂದಿನ ಸಾಲಿಗೆ ಬಿತ್ತು. "ಅಪ್ಪ ಇಲ್ಲೇ ಇದ್ದಾರಲ್ಲ! ಅವರನ್ನೇ ಕೇಳಿಬಿಡೋಣ. ಏನ್ ಸ್ವಾಮಿ, ಆ ಚಂದ್ರರು ನಿಮ್ಮವಾ?"

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಮುಂದಿನ ಸಾಲಿನಿಂದ ನಿರ್ದೇಶಕರೂ ತಿರುಗಿದರು. ಪೇಂಟರ್ ಎದ್ದು ನಿಂತ. ವೇದಿಕೆಯ ಮೇಲಿಂದ ಮಗಳು ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಅಪ್ಪ ಈಗ ಹೇಳುತ್ತಾನೆ, ಎಲ್ಲರೂ ಬಾಯಿ ಮುಚ್ಚುತ್ತಾರೆ ಎಂದು ಕಾಯುತ್ತಿದ್ದಳು.

"ಇಲ್ಲ ಸರ್" ಎಂದ ಪೇಂಟರ್. "ಮೇಡಂ ಅವರು ಹೇಳಿದ ಹಾಗೆ ನಾನು ಬರೆದೆ. ಅವರಿಗೆ ಗೊತ್ತಿರುತ್ತೆ."

ನಿರ್ದೇಶಕರು ತಲೆದೂಗಿ ಮುಂದಕ್ಕೆ ತಿರುಗಿದರು. ತನ್ನ ಬಾಯಿಂದ ಬಂದ ಮಾತು ತನ್ನದೇ ಕಿವಿಗೆ ಬಿದ್ದಾಗ ಅವನಿಗೆ ಗರ ಬಡಿದಂತಾಯಿತು. ಇದನ್ನು ಹೇಳಿದ್ದು ತಾನೇ ಏನು? ಮೇಷ್ಟ್ರು ಮಗಳಿಗೆ, "ಗೆಲ್ಲೋದಕ್ಕೆ ಅಪ್ಪನ ಹೆಸರಲ್ಲಿ ಸುಳ್ಳು ಹೇಳಬಾರದು ಪುಟ್ಟಿ" ಎಂದು ಮೆತ್ತಗೆ ಬುದ್ಧಿ ಹೇಳಿದರು. ಪಕ್ಕದ ತಂಡ 'ಎರಡು' ಎಂದಿತು, ಗೆದ್ದಿತು, ಚಪ್ಪಾಳೆ ಬಿತ್ತು. ಮಗಳು ಅಳಲಿಲ್ಲ. ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಅವನನ್ನು ನೋಡಿಯೇ ನೋಡಿದಳು, ಕಣ್ಣು ಮಿಟುಕಿಸದೆ.

ಮನೆಯಲ್ಲಿ ಹೆಂಡತಿ ಹೊಲಿಗೆ ನಿಲ್ಲಿಸಿ ಎದುರು ಬಂದು ನಿಂತಳು. "ಅಲ್ರೀ, ನಿಮ್ಮ ನಾಲಿಗೆ ಬಿದ್ದು ಹೋಗಿತ್ತಾ? ಹೆತ್ತ ಮಗಳನ್ನ ನಾಲ್ಕು ಜನರ ಮುಂದೆ ಸುಳ್ಳಿ ಮಾಡಿ ಬಂದ್ರಲ್ಲ!"

"ನಿರ್ದೇಶಕರು ಅಲ್ಲೇ ಕೂತಿದ್ರು ಕಣೇ. ಕಾಯಂ ಕಾಗದ ಅವರ ಮೇಜಿನ ಮೇಲಿದೆ."

"ಇರಲಿ ಬಿಡಿ. ಕಾಗದಕ್ಕೇ ಸ್ನಾನ ಮಾಡಿಸಿ, ತಲೆ ಬಾಚಿ ಶಾಲೆಗೆ ಕಳ್ಸಿ."

ಮರುದಿನದಿಂದ ಶಾಲೆಯಲ್ಲಿ ಮಕ್ಕಳು ಅವಳನ್ನು 'ಸುಳ್ಳುಬುರುಕಿ' ಎನ್ನತೊಡಗಿದರು. ಅವಳು ನಿಜ ಹೇಳಿದರೂ, ಮಳೆ ಬರ್ತಿದೆ ಎಂದರೂ, "ನಿಮ್ಮಪ್ಪ ಬರೆದ ಮಳೆನಾ?" ಎಂದು ಕೇಳುತ್ತಿದ್ದರು. ಇದೆಲ್ಲ ಹೆಂಡತಿಯಿಂದ ಪೇಂಟರ್‌ಗೆ ತಿಳಿಯುತ್ತಿತ್ತು. ಮಗಳು ಅವನೊಂದಿಗೆ ಬೇಕಾದಷ್ಟು ಮಾತ್ರ ಆಡುತ್ತಿದ್ದಳು. ಊಟಕ್ಕೆ ಬಾ ಎಂದರೆ ಬರುತ್ತಿದ್ದಳು, ನೀರು ಕೊಡು ಎಂದರೆ ಕೊಡುತ್ತಿದ್ದಳು. ಪ್ರಶ್ನೆ ಮಾತ್ರ ಒಂದೂ ಕೇಳುತ್ತಿರಲಿಲ್ಲ. ವಕೀಲಮ್ಮ ಪ್ರಶ್ನೆ ನಿಲ್ಲಿಸಿದ ಮನೆ ಹೇಗಿತ್ತೆಂದು ಅವನಿಗೇ ಗೊತ್ತು.

ತಡೆಯಲಾಗದೆ ಅವನು ಮೇಡಂ ಕೋಣೆಗೆ ಹೋದ. ಅವರು ಮುಂದಿನ ಭಾನುವಾರದ ದೊಡ್ಡ ಉಪನ್ಯಾಸಕ್ಕೆ ತಯಾರಿ ನಡೆಸಿದ್ದರು. ಹೊಸ ಖಗೋಳ ಸಂಶೋಧನೆಯನ್ನು ಜನಸಾಮಾನ್ಯರಿಗೆ ತಿಳಿಸಿಕೊಡುವ ಕಾರ್ಯಕ್ರಮ; ಅದೇ ಹಜಾರದಲ್ಲಿ, ಅದೇ ಗೋಡೆಯ ಮುಂದೆ. ಹಾಳೆಗಳ ರಾಶಿಯ ನಡುವೆ ಅವರ ಟೀ ಆರಿ ಕೆನೆಗಟ್ಟಿತ್ತು.

"ಮೇಡಂ, ಶಾಲೆಯವರಿಗೆ ನೀವೊಂದು ಮಾತು ಹೇಳ್ಬೇಕು. ಆ ಚಂದ್ರರು ನಾನು ಸುಮ್ಮನೆ ಹಾಕಿದ್ದು. ನಿಮಗೆ ಗೊತ್ತೇ ಇರಲಿಲ್ಲ. ತಪ್ಪು ನಂದು."

ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಗೊತ್ತಿತ್ತು."

"ಏನ್ ಮೇಡಂ?"

"ಮೊದಲ ದಿನವೇ ಗೊತ್ತಿತ್ತು. ಆ ಗ್ರಹ ಬಿಡಿ, ಬೇರೆ ನಕ್ಷತ್ರಗಳ ಸುತ್ತ ಇರೋ ಯಾವ ಗ್ರಹಕ್ಕೂ ಚಂದ್ರ ಇದೆ ಅಂತ ಎಲ್ಲರೂ ಒಪ್ಪೋ ಹಾಗೆ ಇನ್ನೂ ಯಾರೂ ತೋರಿಸಿಲ್ಲ. ಒಬ್ಬರು ಇದೆ ಅಂತಾರೆ, ಇನ್ನೊಬ್ಬರು ಲೆಕ್ಕ ಮಾಡಿ ಇಲ್ಲ ಅಂತಾರೆ. ಅಳಿಸಿ ಅನ್ನೋಣ ಅಂತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಒಂದು ಮಗು ಬಂದು 'ಅಮ್ಮಾ, ಎರಡು ಚಂದ್ರ!' ಅಂತ ಕೂಗ್ತು. ನಾನು ಇಷ್ಟು ವರ್ಷ ಗೆರೆ ತೋರಿಸ್ಕೊಂಡು ಬಂದೆ, ಆ ಗೆರೆ ಮುಂದೆ ಯಾರೂ ಒಂದು ನಿಮಿಷ ನಿಂತಿರಲಿಲ್ಲ. ನಿಮ್ಮ ಚಂದ್ರರ ಮುಂದೆ ನಿಂತ್ರು. ಸುಮ್ಮನಾದೆ."

ಪೇಂಟರ್ ಎಲ್ಲವೂ ತನ್ನೊಬ್ಬನದೇ ತಪ್ಪೆಂದು ಇಷ್ಟು ದಿನ ಬೇಯುತ್ತಿದ್ದರೆ, ಇವರು ಗೊತ್ತಿದ್ದೂ ಬಿಟ್ಟಿದ್ದರು! ನಿಜ ಹುಡುಕುವುದಕ್ಕೇ ಸಂಬಳ ಪಡೆಯುವವರು! ಅವನಿಗೆ ಸಿಟ್ಟೂ ಬಂತು. ಬಂದ ಸಿಟ್ಟು ಬಾಯಿಗೆ ಬರುವ ಮೊದಲೇ, ಶಾಲೆಯಲ್ಲಿ ತಾನು ನಿಂತು ಹೇಳಿದ ಮಾತು ನೆನಪಾಗಿ ಗಂಟಲಲ್ಲೇ ಕೂತಿತು.

"ಭಾನುವಾರ ಕಳೀಲಿ" ಎಂದರು ಮೇಡಂ. "ಹೊಸ ದೂರದರ್ಶಕಕ್ಕೆ ನೆರವು ಕೊಡೋರು ಅವತ್ತು ಬರ್ತಾರೆ. ನಿರ್ದೇಶಕರು ಅದರ ಮೇಲೇ ಪ್ರಾಣ ಇಟ್ಕೊಂಡಿದ್ದಾರೆ. ಈಗ ಇದನ್ನೆತ್ತಿದ್ರೆ ನಿಮ್ಮ ಕೆಲಸಕ್ಕೂ ಒಳ್ಳೇದಲ್ಲ. ಆಮೇಲೆ ನಾನೇ ಶಾಲೆಗೆ ಬಂದು ಹೇಳ್ತೀನಿ."

ಅವನು ಹೂಂಗುಟ್ಟಿ ಹೊರಬಂದ. ಎರಡನೆಯ ಸಲವೂ ನಿಜವನ್ನು ನುಂಗಿಕೊಂಡ, ನೋಡಿ!

ಭಾನುವಾರ ಮಧ್ಯಾಹ್ನ ಹಜಾರದಲ್ಲಿ ಸೂಜಿ ಹಾಕಲೂ ಜಾಗವಿರಲಿಲ್ಲ. ಸೋಫಾಗಳನ್ನೆಲ್ಲ ಹೊರಗೆ ಸಾಗಿಸಿ ಕುರ್ಚಿ ಹಾಕಿದ್ದರು. ವಿಜ್ಞಾನದ ಮೇಷ್ಟ್ರು ಇಡೀ ತರಗತಿಯನ್ನು ಕರೆತಂದಿದ್ದರು, ಮಗಳೂ ಅದರಲ್ಲಿದ್ದಳು. ನಿರ್ದೇಶಕರು ಮುಂದಿನ ಸಾಲಿನಲ್ಲಿ ಅತಿಥಿಗಳ ಪಕ್ಕ ಕೂತಿದ್ದರು. ಪೇಂಟರ್ ಗೋಡೆಗೆ ಒರಗಿ, ತನ್ನದೇ ಚಿತ್ರದ ಅಂಚಿನಲ್ಲಿ ನಿಂತಿದ್ದ.

ಮೇಡಂ ಸೊಗಸಾಗಿ ಮಾತಾಡಿದರು. ನಾವು ಸೂರ್ಯನ ಸುತ್ತ ತಿರುಗುವ ಹಾಗೆ ಇತರ ನಕ್ಷತ್ರಗಳ ಸುತ್ತಲೂ ಗ್ರಹಗಳಿವೆ, ಸಾವಿರಗಟ್ಟಲೆ ಈಗಾಗಲೇ ಸಿಕ್ಕಿವೆ, ನಮ್ಮ ಅಜ್ಜಂದಿರ ಕಾಲದಲ್ಲಿ ಒಂದೂ ಗೊತ್ತಿರಲಿಲ್ಲ ಎಂದರು. ಚಪ್ಪಾಳೆಯಾಯಿತು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಮೊದಲು ಎದ್ದ ಕೈ ನೋಡಿ ಪೇಂಟರ್ ಗೋಡೆ ಬಿಟ್ಟು ನೆಟ್ಟಗೆ ನಿಂತ. ವಕೀಲಮ್ಮ!

ಬಂದೇ ಬಂತು, ಇವತ್ತು ಇವಳು ನನ್ನ ಮಾನ ಹರಾಜು ಹಾಕುತ್ತಾಳೆ ಎಂದುಕೊಂಡ. ಹಾಕಲಿ, ಹಾಕುವ ಹಕ್ಕು ಅವಳಿಗಿದೆ ಎಂದೂ ಅಂದುಕೊಂಡ. ಮೇಷ್ಟ್ರು ಅವಳ ಅಂಗಿಯ ತೋಳು ಹಿಡಿದು ಕೂರಿಸಲು ನೋಡಿದರು. ಅವಳು ಜಗ್ಗಲಿಲ್ಲ.

"ಮೇಡಂ, ಆ ಗ್ರಹಕ್ಕೆ ಎರಡು ಚಂದ್ರ ಇರೋದನ್ನ ಯಾರು ನೋಡಿದ್ರು? ಹೇಗೆ ನೋಡಿದ್ರು?"

ಅಷ್ಟೇ ಕೇಳಿದಳು. ಮೇಡಂ ಒಮ್ಮೆ ನಿರ್ದೇಶಕರ ಕಡೆ ನೋಡಿದರು. "ಒಳ್ಳೆ ಪ್ರಶ್ನೆ ಪುಟ್ಟಿ. ಇಂಥ ಚಿತ್ರಗಳಲ್ಲಿ ಸ್ವಲ್ಪ ಕಲ್ಪನೆ ಇರುತ್ತೆ. ಚಂದ್ರರು ಇರಬಹುದು, ಇಲ್ಲ ಅಂತಾನೂ ಹೇಳೋಕಾಗಲ್ಲ…"

"ಪುಸ್ತಿಕೇಲಿ ಎರಡು ಅಂತಾನೇ ಇದೆ, ಕೂತ್ಕೊಳಮ್ಮ" ಎಂದರು ಮೇಷ್ಟ್ರು. ತರಗತಿಯ ಸಾಲಿನಿಂದ ಯಾರೋ ಸಣ್ಣ ದನಿಯಲ್ಲಿ "ಸುಳ್ಳುಬುರುಕಿ" ಎಂದರು. ನಾಲ್ಕೈದು ಮಕ್ಕಳು ಕಿಸಕ್ಕೆಂದರು.

ಆ ಮಾತನ್ನು ಅವನು ಕಿವಿಯಾರೆ ಕೇಳಿದ್ದು ಅದೇ ಮೊದಲು. ಹೆಂಡತಿ ಹೇಳಿದಾಗ ಅದು ಸುದ್ದಿ. ಈಗ ಅದು ಮಗಳ ಕತ್ತಿನ ಹಿಂಭಾಗಕ್ಕೆ ತಾಗಿದ್ದು, ಅವಳ ಹೆಗಲು ಒಂದಿಷ್ಟು ಕುಗ್ಗಿದ್ದು ಕಣ್ಣಿಗೆ ಕಂಡಿತು. ಅವನು ಯಾವಾಗ ಬಾಯಿ ತೆರೆದ ಎಂದು ಅವನಿಗೇ ಗೊತ್ತಾಗಲಿಲ್ಲ.

"ನಾನು ಹಾಕಿದ್ದು!"

ಹಜಾರ ಅವನ ಕಡೆ ತಿರುಗಿತು. ಅವನು ಗೋಡೆಯ ಎಡಗಡೆಗೆ ಕೈ ತೋರಿಸಿದ. "ಈ ಚಂದ್ರರನ್ನ ಯಾರೂ ನೋಡಿಲ್ಲ. ಎಡಗಡೆ ಗೋಡೆ ಖಾಲಿ ಕಾಣ್ತಿತ್ತು ಅಂತ ನಾನೇ ಹಾಕಿದ್ದು. ಮೋಡನೂ ನಂದೇ, ನೀಲಿನೂ ನಂದೇ. ಅವತ್ತು ಶಾಲೆಯಲ್ಲಿ ನನ್ನ ಮಗಳು ಹೇಳಿದ್ದು ನಿಜ. ಸುಳ್ಳು ಹೇಳಿದ್ದು ನಾನು."

ಹಜಾರದಲ್ಲಿ ಗಲಾಟೆಯೋ ಗಲಾಟೆ. "ಹಾಗಾದ್ರೆ ನಮ್ಮನ್ನ ಮಂಗ ಮಾಡಿದ್ರಾ?" ಎಂದು ಮುದುಕರೊಬ್ಬರು ಊರುಗೋಲೆತ್ತಿದರು. ಚಂದ್ರರ ಕೆಳಗೆ ಫೋಟೋ ತೆಗೆಸಿಕೊಂಡಿದ್ದ ಹೆಂಗಸೊಬ್ಬಳು ಗೋಡೆಯನ್ನೂ ಅವನನ್ನೂ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಗ್ರಹ ಆದ್ರೂ ಇದೆಯಾ, ಅದೂ ನಿಂದೇನಾ?" ಎಂದು ಹಿಂದಿನಿಂದ ಇನ್ನೊಬ್ಬ ಕೂಗಿದ. ನಿರ್ದೇಶಕರ ಮುಖ ಕಪ್ಪಿಟ್ಟಿತು.

ಮೇಡಂ ಮೈಕ್ ಹಿಡಿದು ವೇದಿಕೆಯಿಂದ ಕೆಳಗಿಳಿದರು. "ಅವರು ಹೇಳಿದ್ದು ನಿಜ. ನನಗೂ ಗೊತ್ತಿತ್ತು. ಅವರೊಬ್ಬರನ್ನೇ ಬೈಬೇಡಿ" ಎಂದರು. ಪರದೆಯ ಮೇಲಿದ್ದ ಬಣ್ಣದ ಚಿತ್ರಗಳನ್ನೆಲ್ಲ ತೆಗೆದು ಬೇರೊಂದನ್ನು ಹಾಕಿಸಿದರು. ಅಡ್ಡಲಾಗಿ ಒಂದು ಗೆರೆ, ನಡುವೆ ಸಣ್ಣ ತಗ್ಗು.

"ನಮ್ಮ ಹತ್ತಿರ ಇರೋದು ಇದಿಷ್ಟೇ. ಗ್ರಹ ಇದೆ, ಅದಕ್ಕೆ ಈ ತಗ್ಗೇ ಸಾಕ್ಷಿ. ಅದರ ಬಣ್ಣ ಗೊತ್ತಿಲ್ಲ. ನೀರಿದೆಯೋ ಇಲ್ಲವೋ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ನನಗೆ ನಾಚಿಕೆ ಆಗಿತ್ತು, ಅದು ನನ್ನ ತಪ್ಪು. ಆದ್ರೆ ಒಂದು ಮಾತು ಕೇಳಿ. ಈ ಬೆಳಕು ಆ ನಕ್ಷತ್ರ ಬಿಟ್ಟು ಹೊರಟಾಗ ನಿಮ್ಮ ಮುತ್ತಜ್ಜನ ಮುತ್ತಜ್ಜ ಕೂಡ ಹುಟ್ಟಿರಲಿಲ್ಲ. ದಾರೀಲಿ ಏನೂ ಅಡ್ಡ ಬರದೆ ನಮ್ಮ ದೂರದರ್ಶಕದ ಕನ್ನಡಿಗೆ ಬಂದು ಬಿತ್ತು. ಅದರಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಮ್ಮಿ ಕೊರತೆ ಇತ್ತು. ಆ ಕೊರತೇಲಿ ಒಂದು ಲೋಕ ಇದೆ."

ಊರುಗೋಲಿನ ಮುದುಕರು ಕೂತರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ. ಜನ ಆ ಬೋಳು ಗೆರೆಯನ್ನು ದಂಗುಬಡಿದವರಂತೆ ನೋಡುತ್ತ ಕೂತುಬಿಟ್ಟರು. ವಿಜ್ಞಾನದ ಮೇಷ್ಟ್ರು ಸಾಲು ದಾಟಿ ವಕೀಲಮ್ಮನ ಹತ್ತಿರ ಬಂದು, ಏನು ಹೇಳಬೇಕೆಂದು ತೋಚದೆ, "ನಿಂದೇ ಸರಿ ಕಣಮ್ಮ. ನಾಳೆ ತರಗತೀಲಿ ನಾನೇ ಹೇಳ್ತೀನಿ" ಎಂದು ಬೆವರೊರೆಸಿಕೊಂಡರು.

ಕಾರ್ಯಕ್ರಮ ಮುಗಿದು ಜನ ಕರಗುತ್ತಿದ್ದಾಗ ನಿರ್ದೇಶಕರು ಪಡಸಾಲೆಯಲ್ಲಿ ಪೇಂಟರ್‌ಗೆ ಎದುರಾದರು. ಬೈಯಲಿಲ್ಲ, ಕೂಗಲಿಲ್ಲ. "ಬಣ್ಣದ ಕೋಣೆ ಬೀಗದ ಕೈ ಆಫೀಸಿನಲ್ಲಿ ಕೊಟ್ಟು ಹೋಗಿ" ಎಂದರು. ಅತಿಥಿಗಳ ಹಿಂದೆ ಅವಸರವಾಗಿ ನಡೆದರು. ಹಿಂದಿನಿಂದ ಮೇಡಂ "ಸರ್, ಒಂದು ನಿಮಿಷ" ಎಂದು ಓಡಿದರು. ಅವರು ನಿಲ್ಲಲಿಲ್ಲ.

ಪೇಂಟರ್ ಕೈಗೆ ಸಿಕ್ಕ ಬ್ರಷ್ಷುಗಳನ್ನು ಚೀಲಕ್ಕೆ ತುಂಬಿಕೊಂಡು, ಬೀಗದ ಕೈ ಕೊಟ್ಟು ಮೆಟ್ಟಿಲಿಳಿದ. ಕೆಲಸ ಹೋಗಿತ್ತು. ಆದರೂ ಎದೆಯ ಮೇಲಿದ್ದ ಚಪ್ಪಡಿ ಸರಿದ ಹಾಗೆ ಉಸಿರು ಸಲೀಸಾಗಿ ಆಡುತ್ತಿತ್ತು. ಮಗಳು ಕೆಳಗಿನ ಮೆಟ್ಟಿಲಲ್ಲಿ ಕಾಯುತ್ತಿದ್ದಳು. ಈಗ ಓಡಿ ಬಂದು ಅಪ್ಪಿಕೊಳ್ಳುತ್ತಾಳೆ ಎಂದು ಅವನು ನಿಜವಾಗಿಯೂ ಅಂದುಕೊಂಡಿದ್ದ. ಅವಳ ಮುಖ ಬಿಳಿಚಿಕೊಂಡಿತ್ತು.

"ಕೋಣೆ ಕೀ ಇಸ್ಕೊಂಡ್ರಾ?"

"ಹೂಂ."

"ಅಯ್ಯೋ ಅಪ್ಪಾ! ಯಾಕಪ್ಪಾ ಬಾಯಿ ಬಿಟ್ಟೆ ನೀನು?" ಅವಳ ಕಣ್ಣಿಂದ ಈಗ ದಳದಳ ನೀರಿಳಿಯಿತು. "ನೀನು ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಗೊತ್ತಿತ್ತು ನಂಗೆ. ಅದಕ್ಕೇ ನಾನು ಕೇಳಿದ್ದು. ಮಗು ಕೇಳ್ತು ಅಂತಾರೆ, ಮೇಡಂ ಇಲ್ಲ ಅಂತಾರೆ, ಮೇಷ್ಟ್ರು ಕೇಳಿಸ್ಕೋತಾರೆ, ಮುಗೀತು. ನಿನ್ನ ಹೆಸರೇ ಬರ್ತಿರಲಿಲ್ಲ. ಅಪ್ಪ ಅನ್ನೋ ಮಾತು ಬಾಯಿಗೆ ಬರಬಾರದು ಅಂತ ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿದ್ದೆ."

ಪೇಂಟರ್ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಮಾನ ಹರಾಜು ಹಾಕುತ್ತಾ ಇದ್ದಾಳೆ ಎಂದುಕೊಂಡಿದ್ದನಲ್ಲ ಅವನು! ತಾನು ಕೈಬಿಟ್ಟ ಮಗು, ಶಾಲೆಯಲ್ಲಿ ದಿನವೂ ಸುಳ್ಳಿ ಅನ್ನಿಸಿಕೊಂಡು ಬಂದು, ತನ್ನ ಕೆಲಸ ಉಳಿಸುವುದು ಹೇಗೆಂದು ಲೆಕ್ಕ ಹಾಕುತ್ತ ಕೂತಿತ್ತು.

"ಅವರು ನಿನ್ನ ಸುಳ್ಳುಬುರುಕಿ ಅಂದ್ರು ಪುಟ್ಟಾ. ಅಲ್ಲ ಅಂತ ನಾನು ಹೇಳ್ಬೇಕಿತ್ತಲ್ಲ."

ಅವಳು ಮೂಗೊರೆಸಿಕೊಂಡಳು. "ಅದನ್ನ ಅವತ್ತು ಹೇಳ್ಬೇಕಿತ್ತು ಕಣಪ್ಪ."

ದನಿಯಲ್ಲಿ ಸಿಟ್ಟಿರಲಿಲ್ಲ. ಅವನ ಕೈಯಿಂದ ಬ್ರಷ್ಷಿನ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡು, ಬಸ್ಸು ಬರುವ ಹೊತ್ತಾಯಿತು ಎಂದು ಹೇಳಿ ಮುಂದೆ ನಡೆದಳು.